ಮಗಳಿಗೊಂದು ಪತ್ರ: ನಿನ್ನ ಸಿ.ವಿ. ಓದಿದ ಮೇಲೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ ಸಿ.ವಿ.ಯನ್ನು ಮೊದಲು ತಾಯಿಯಾಗಿ ಓದಿದೆ. ಆಮೇಲೆ, ಕಚೇರಿಯಲ್ಲಿ ಅರ್ಜಿಗಳ ಕಟ್ಟನ್ನು ಮುಂದಿಟ್ಟುಕೊಂಡು ಕೂರುವವಳಾಗಿ ಮತ್ತೆ ಓದಿದೆ. ಮೊದಲ ಓದಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಎರಡನೆಯ ಓದಿನಲ್ಲಿ ಮೇಲಿರುವ ಹೆಸರೊಂದನ್ನು ಬಿಟ್ಟರೆ ಇದು ನಿನ್ನದೇ ಎನ್ನಲು ಬೇರೆ ಗುರುತು ಸಿಗಲಿಲ್ಲ.

‘ಶ್ರಮಜೀವಿ, ಹೊಸದನ್ನು ಕಲಿಯುವ ಉತ್ಸಾಹವುಳ್ಳವಳು, ತಂಡದೊಂದಿಗೆ ಹೊಂದಿಕೊಂಡು ದುಡಿಯಬಲ್ಲವಳು’ ಎಂದು ಆರಂಭದಲ್ಲೇ ಬರೆದಿದ್ದೀಯೆ. ನನ್ನ ಮೇಜಿಗೆ ಬರುವ ಬಹುಪಾಲು ಅರ್ಜಿಗಳಲ್ಲಿ ಈ ಸಾಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಅದನ್ನು ನಂಬಲು ಆಧಾರವಿಲ್ಲ, ಅಲ್ಲಗಳೆಯಲು ಕಾರಣವೂ ಇಲ್ಲ; ಹಾಗಾಗಿ ಕಣ್ಣು ಸುಮ್ಮನೆ ಮುಂದಕ್ಕೆ ಸಾಗುತ್ತದೆ. ಆದರೆ ಎರಡನೆಯ ಪುಟದ ತಳದಲ್ಲಿ ‘ಕಾಲೇಜು ಗ್ರಂಥಾಲಯದಲ್ಲಿ ಇಂಟರ್ನ್‌ಶಿಪ್, 2 ತಿಂಗಳು’ ಎಂಬ ಒಂದು ಸಾಲನ್ನು ಅಡಗಿಸಿಟ್ಟಿದ್ದೀಯಲ್ಲ, ಆ ಅವಧಿಯಲ್ಲಿ ನೀನು ಏನು ಮಾಡಿದೆ ಎಂಬುದು ನನಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ಅದನ್ನು ಹೀಗೆ ಬರೆದು ನೋಡು: ‘ಕೈಬರಹದ ರಿಜಿಸ್ಟರಿನಲ್ಲಿದ್ದ 3,200 ಪುಸ್ತಕಗಳ ವಿವರವನ್ನು ಇಬ್ಬರು ಸಹಪಾಠಿಗಳೊಂದಿಗೆ ಎಕ್ಸೆಲ್‌ಗೆ ನಮೂದಿಸಿದೆ, ಎರಡೆರಡು ಬಾರಿ ದಾಖಲಾಗಿದ್ದ 140 ಪುಸ್ತಕಗಳನ್ನು ಪತ್ತೆ ಹಚ್ಚಿ ಪಟ್ಟಿಯನ್ನು ಸರಿಪಡಿಸಿದೆ.’ ಶ್ರಮ, ಕಲಿಕೆ, ತಂಡ ಎಂಬ ಮಾತುಗಳು ಇಲ್ಲಿ ಎಲ್ಲಿಯೂ ಇಲ್ಲ, ಆದರೂ ಮೂರೂ ಕಾಣುತ್ತವೆ.

ಇಂಥ ಸಾಲಿಗೆ ಇನ್ನೊಂದು ಪ್ರಯೋಜನವಿದೆ. ಆ 140 ಪುಸ್ತಕಗಳನ್ನು ಹೇಗೆ ಪತ್ತೆ ಹಚ್ಚಿದೆ ಎಂದು ಸಂದರ್ಶನದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ನಿನ್ನ ಬಳಿ ಹೇಳಲು ಸಂಗತಿ ಇರುತ್ತದೆ. ಸಿ.ವಿ.ಯ ಪ್ರತಿಯೊಂದು ಸಾಲನ್ನೂ ನಿನಗೆ ಕೇಳಬಹುದಾದ ಪ್ರಶ್ನೆಯೆಂದೇ ತಿಳಿದು ಬರೆಯಬೇಕು. ‘ಎಕ್ಸೆಲ್‌ನಲ್ಲಿ ಪರಿಣತಿ’ ಎಂದಿದ್ದೀಯೆ. ಉದ್ದನೆಯ ಪಟ್ಟಿಯನ್ನು ಗುಂಪುಗುಂಪಾಗಿ ಸಂಕ್ಷೇಪಿಸುವ ಪಿವೋಟ್ ಟೇಬಲ್ ಮಾಡಿ ತೋರಿಸು ಎಂದರೆ ಮಾಡಬಲ್ಲೆಯಾ? ಇಲ್ಲವಾದರೆ, ಏನು ಬರುತ್ತದೆಯೋ ಅದನ್ನಷ್ಟೇ ಹೆಸರಿಸು. ಬರಹವನ್ನು ತಿದ್ದಲು ಎಐ ಸಹಾಯ ಪಡೆದರೂ, ನೀನು ಮಾಡದ ಕೆಲಸವೊಂದನ್ನು ಅದು ಸೇರಿಸಿಬಿಟ್ಟಿಲ್ಲವೆಂದು ಸಾಲುಸಾಲಾಗಿ ನೋಡಿಕೋ, ಏಕೆಂದರೆ ಉತ್ತರ ಕೊಡಬೇಕಾದವಳು ನೀನು.

ಉಳಿದ ತಿದ್ದುಪಡಿಗಳು ಸಣ್ಣವು. ಇತ್ತೀಚಿನದು ಮೇಲೆ, ಹಳೆಯದು ಕೆಳಗೆ ಬರಲಿ. ಈಗಷ್ಟೇ ಓದು ಮುಗಿಸಿದವಳಿಗೆ ಒಂದು ಪುಟ ಸಾಕು. ಐದನೆಯ ತರಗತಿಯ ರಂಗೋಲಿ ಬಹುಮಾನವನ್ನು ನಾನು ಮರೆಯುವುದಿಲ್ಲ, ಸಿ.ವಿ. ಮರೆಯಲಿ. ವೈವಾಹಿಕ ಸ್ಥಿತಿ, ಧರ್ಮ ಮುಂತಾದವನ್ನು ಕೇಳದ ಹೊರತು ಬರೆಯಬೇಡ. ಭಾವಚಿತ್ರದ ವಿಷಯದಲ್ಲಿ ರೂಢಿ ದೇಶದಿಂದ ದೇಶಕ್ಕೆ ಬೇರೆ: ಜರ್ಮನಿಯಲ್ಲಿ ಅದನ್ನು ಅಂಟಿಸುವವರು ಇಂದಿಗೂ ಬಹಳ, ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ತಾರತಮ್ಯಕ್ಕೆ ಎಡೆಯಾಗಬಾರದೆಂದು ಸಾಮಾನ್ಯವಾಗಿ ಹಾಕುವುದಿಲ್ಲ.

ಒಂದೇ ಸಿ.ವಿ.ಯನ್ನು ಎಲ್ಲ ಹುದ್ದೆಗಳಿಗೂ ಕಳುಹಿಸುತ್ತಿದ್ದೀಯೆಂದು ನೀನು ಹೇಳಿದ್ದು ನನಗೆ ಸರಿಕಾಣಲಿಲ್ಲ. ಮಾಡಿದ್ದೆಲ್ಲವನ್ನೂ ಬರೆದಿಟ್ಟ ಒಂದು ದೊಡ್ಡ ಕಡತ ನಿನ್ನ ಬಳಿ ಇರಲಿ. ಪ್ರತಿ ಹುದ್ದೆಗೂ ಅದರಿಂದ ಬೇಕಾದದ್ದನ್ನು ಆರಿಸಿ ತೆಗೆದುಕೋ. ಜಾಹೀರಾತಿನಲ್ಲಿ ‘ಕಡ್ಡಾಯ’ ಎಂದಿರುವ ಅರ್ಹತೆಗಳನ್ನೂ ‘ಇದ್ದರೆ ಒಳ್ಳೆಯದು’ ಎಂದಿರುವವನ್ನೂ ಬೇರೆಬೇರೆಯಾಗಿ ಗುರುತು ಮಾಡು. ಎರಡನೆಯ ಗುಂಪಿನಲ್ಲಿ ಒಂದೆರಡು ಇಲ್ಲವೆಂದು ಅರ್ಜಿ ಹಾಕದೆ ಕೂರಬೇಡ. ಅವರು ಬಳಸಿದ ಪದಗಳನ್ನೇ, ನಿನಗೆ ಅವು ನಿಜವಾಗಿ ಹೊಂದುವಲ್ಲೆಲ್ಲ, ನೀನೂ ಬಳಸು. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳು ಮನುಷ್ಯರ ಕೈಗೆ ಬರುವ ಮೊದಲು ಅರ್ಜಿಗಳನ್ನು ದಾಖಲಿಸಿ ವಿಂಗಡಿಸುವ ಎಟಿಎಸ್ ಎಂಬ ತಂತ್ರಾಂಶದೊಳಗೆ ಹಾದು ಬರುವುದುಂಟು. ನೇಮಕಾತಿಯವರು ಅದರಲ್ಲಿ ಪದಗಳನ್ನು ಕೊಟ್ಟು ಹುಡುಕುತ್ತಾರೆ. ನೀನು ಆಯ್ದಿರುವ ಎರಡು ಕಾಲಂಗಳ ಬಣ್ಣದ ವಿನ್ಯಾಸ ನೋಡಲು ಚೆಂದ, ಆದರೆ ಇಂಥ ತಂತ್ರಾಂಶಗಳಲ್ಲಿ ಕೆಲವು ಎಡದ ಕಾಲಂನ ಸಾಲಿಗೆ ಬಲದ ಕಾಲಂನ ಸಾಲನ್ನು ಬೆರೆಸಿ ಓದುತ್ತವೆ, ಹೆಡರ್‌ನಲ್ಲಿರುವ ಫೋನ್ ನಂಬರನ್ನು ಕೈಬಿಡುವುದೂ ಉಂಟು. ಪರೀಕ್ಷಿಸುವುದು ಸುಲಭ: ಪಿಡಿಎಫ್‌ನಲ್ಲಿರುವ ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡು. ಅಲ್ಲಿ ಅನುಕ್ರಮ ಕೆಟ್ಟಿದ್ದರೆ ವಿನ್ಯಾಸವನ್ನು ಬದಲಿಸು.

ಜೊತೆಗಿಡುವ ಕವರಿಂಗ್ ಲೆಟರ್‌ನಲ್ಲಿ ಸಿ.ವಿ.ಯನ್ನೇ ಗದ್ಯದಲ್ಲಿ ಮತ್ತೆ ಹೇಳಿದ್ದೀಯೆ. ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಉಳಿದುಬಂದಿದೆ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಆತ ಮೊದಲು ಹೇಳಿದ್ದು ಹೊತ್ತೊಯ್ಯಬಹುದಾದ ಹಗುರ ಸೇತುವೆಗಳನ್ನು, ಕಂದಕದ ನೀರು ಬಸಿಯುವ ಉಪಾಯವನ್ನು, ಫಿರಂಗಿಗಳನ್ನು. ಶಿಲ್ಪ ಮತ್ತು ಚಿತ್ರಕಲೆಯ ಮಾತು ಬರುವುದು ಪತ್ರದ ಕೊನೆಯ ಭಾಗದಲ್ಲಿ. ಇದರಲ್ಲಿ ಯಾವುದಾದರೂ ಅಸಾಧ್ಯವೆನಿಸಿದರೆ ತಮ್ಮ ಉದ್ಯಾನದಲ್ಲೇ ಮಾಡಿ ತೋರಿಸಲು ಸಿದ್ಧನಿದ್ದೇನೆ ಎಂದೂ ಸೇರಿಸಿದ. ತನಗೆ ಹೆಮ್ಮೆಯೆನಿಸಿದ್ದಕ್ಕಿಂತ ಎದುರಿನವರಿಗೆ ಬೇಕಾದದ್ದು ಮೊದಲು ಬಂದಿದೆ, ಅದಕ್ಕೆ ಪುರಾವೆಯ ಭರವಸೆಯೂ ಇದೆ. ನಿನ್ನ ಪತ್ರ ಮೂರು ಸಣ್ಣ ಪ್ಯಾರಾಗಳಲ್ಲಿ ಮುಗಿಯಲಿ: ಯಾವ ಹುದ್ದೆ, ಅದರ ಯಾವ ಅಗತ್ಯವನ್ನು ನಿನ್ನ ಯಾವ ಕೆಲಸ ಪೂರೈಸುತ್ತದೆ, ಯಾವಾಗ ಸಂದರ್ಶನಕ್ಕೆ ಬರಬಲ್ಲೆ.

ಇಮೇಲಿನ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರನ್ನೂ ಜಾಹೀರಾತಿನ ಸಂಖ್ಯೆಯನ್ನೂ ಬರೆ. ಕಡತಕ್ಕೆ ‘ಫೈನಲ್ ನ್ಯೂ 2’ ಎಂದಲ್ಲ, ನಿನ್ನ ಹೆಸರನ್ನೇ ಇಡು. ಅರ್ಜಿ ಹಾಕಿದ ದಿನವೇ ಜಾಹೀರಾತಿನ ಪ್ರತಿಯನ್ನು, ಕಳುಹಿಸಿದ ಸಿ.ವಿ.ಯ ಪ್ರತಿಯೊಂದಿಗೆ ಒಂದೇ ಫೋಲ್ಡರ್‌ನಲ್ಲಿ ಉಳಿಸಿಕೋ. ಕೊನೆಯ ದಿನಾಂಕ ಮುಗಿದ ಮೇಲೆ ಜಾಹೀರಾತನ್ನು ತೆಗೆದುಹಾಕುವುದುಂಟು, ಸಂದರ್ಶನದ ಕರೆ ಬರುವುದು ಸಾಮಾನ್ಯವಾಗಿ ಅದಾದ ಮೇಲೆಯೇ.

ಇಂತಿ,
ನಿನ್ನ ಅಮ್ಮ