ಮಳೆಗಾಲಕ್ಕೆ ತಕ್ಕ ಕಪಾಟು

ಹೊಸನಗರ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ವಾರ್ಡ್‌ರೋಬ್ ಫೋಟೋ ನೋಡಿದೆ. ಚೆಂದ ಇದೆ. ಪಕ್ಕಕ್ಕೆ ಸರಿಯುವ ಬಾಗಿಲು, ಉದ್ದ ಕನ್ನಡಿ, ಬಿಳಿ ಬಣ್ಣ. ಆದರೆ ಅಡ್ವಾನ್ಸ್ ಕೊಡಬೇಡ, ಸ್ವಲ್ಪ ತಡಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿ ಇರುವುದು ಶಿವಮೊಗ್ಗದಲ್ಲಿ. ನಿನ್ನ ಮನೆ ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಲ್ಲಿ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಅಂಗಡಿಯವರು ಎರಡೂ ಕಡೆಯವರಿಗೆ ಅದೇ ಮಾಲು ಮಾರುತ್ತಾರೆ. ಎಷ್ಟು ಬಟ್ಟೆ ಹಿಡಿಯುತ್ತದೆ ಅಂತ ಆಮೇಲೆ ನೋಡೋಣ. ಪುನರ್ವಸು, ಪುಷ್ಯ ಮಳೆ ಬಿಡದೆ ಹೊಯ್ಯುವಾಗ ಒಳಗಿಟ್ಟ ಬಟ್ಟೆಯ ಗತಿ ಏನು, ಅದು ಮೊದಲ ಪ್ರಶ್ನೆ. ನೀನು ಬೆಂಗಳೂರಲ್ಲಿ ಬೆಳೆದವಳು. ಕಪ್ಪು ಪ್ಯಾಂಟಿನ ಮೇಲೆ ಬಿಳಿ ಬಿಳಿ ಚುಕ್ಕೆ ಏಳುವುದು, ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು ಹಿಡಿಯುವುದು ಈ ಜುಲೈನಲ್ಲಿ ಗೊತ್ತಾಗುತ್ತದೆ.

ಫೋಟೋದಲ್ಲಿರುವುದು ಪಾರ್ಟಿಕಲ್ ಬೋರ್ಡು. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ಮೇಲೆ ಹಾಳೆ ಅಂಟಿಸಿರುತ್ತಾರೆ, ಹಾಗಾಗಿ ಹೊಳೆಯುತ್ತದೆ. ನೆಲ ಒರೆಸುವಾಗ ಬುಡಕ್ಕೆ ನೀರು ತಾಗುತ್ತಾ ಇದ್ದರೆ ಅಂಚು ಉಬ್ಬುತ್ತದೆ. ಆಮೇಲೆ ಉಗುರಿನಲ್ಲಿ ಕೆರೆದರೆ ಉಪ್ಪಿಟ್ಟಿನ ರವೆ ಹಾಗೆ ಉದುರುತ್ತದೆ. ಬಾಗಿಲಿನ ಕೀಲಿಗೆ ಹಾಕಿದ ಸ್ಕ್ರೂ ಹಿಡಿತ ಬಿಟ್ಟರೆ ಮತ್ತೆ ಕೂರುವುದಿಲ್ಲ. ನಮ್ಮ ಕಡೆ ಅದು ಬೇಡವೇ ಬೇಡ.

ಪ್ಲೈವುಡ್‌ನಲ್ಲಿ ಮಾಡಿಸು. ಅದರಲ್ಲೂ ದರ್ಜೆ ಇದೆ. ಎಂ.ಆರ್. ಅಂತ ಬರೆದದ್ದು ಸುಮ್ನೆ ಗಾಳಿಯ ಥಂಡಿ, ಅಂದರೆ ತೇವ, ತಡೆಯುತ್ತದೆ, ಬಯಲುಸೀಮೆಗೆ ಸಾಕು. ನೀನು ಬಿ.ಡಬ್ಲ್ಯು.ಆರ್. ಕೇಳು, ಅದು ಕುದಿನೀರನ್ನೂ ತಡೆಯುವ ದರ್ಜೆ. ಹಲಗೆಯ ಮೇಲೆ ಐ.ಎಸ್. 303 ಅಂತ ಸರ್ಕಾರಿ ಗುಣಮಟ್ಟದ ನಂಬರಿನ ಮುದ್ರೆ ಇರುತ್ತದೆ, ಜೊತೆಗೆ ದರ್ಜೆಯೂ ಇರುತ್ತದೆ. ಎರಡನ್ನೂ ಓದು, ಯಾಕೆಂದರೆ 303 ನಂಬರು ಎಂ.ಆರ್.ಗೂ ಉಂಟು. ಐ.ಎಸ್. 710, ಅಂದರೆ ಮರೀನ್ ಪ್ಲೈ, ಇನ್ನೂ ಗಟ್ಟಿ, ಆದರೆ ದುಬಾರಿ. ಬುಡದ ಹಲಗೆಗೆ ಮಾತ್ರ ಅದನ್ನು ಹಾಕಿಸಿದರೂ ನಡೆಯುತ್ತದೆ. ಬಡಗಿಗಳು ಕಂಜೂಸು ಮಾಡುವುದು ಹಿಂಬದಿ ಹಲಗೆಯಲ್ಲಿ. ಕಣ್ಣಿಗೆ ಕಾಣುವುದಿಲ್ಲ ಅಂತ ತೆಳ್ಳಗಿನ ಯಾವುದೋ ಶೀಟು ಹೊಡೆದುಬಿಡುತ್ತಾರೆ. ಗೋಡೆಯ ಥಂಡಿ ಬರುವುದೇ ಅಲ್ಲಿಂದ. ಕೊಯ್ದ ಅಂಚುಗಳಿಗೆಲ್ಲ ಪಟ್ಟಿ ಅಂಟಿಸಿ ಮುಚ್ಚಬೇಕು, ಹಿಂದಿನ ಅಂಚಿಗೂ. ನಿಮ್ಮ ಮಾವನವರ ಹತ್ತಿರ ಹಳೇ ಹಲಸಿನ ಹಲಗೆ ಇದೆ ಅಂದಿದ್ದೆಯಲ್ಲ, ಒರಲೆ (ಗೆದ್ದಲು) ಹಿಡಿಯದೆ ಚೆನ್ನಾಗಿದ್ದರೆ ಬಾಗಿಲಿನ ಚೌಕಟ್ಟಿಗೆ ಉಪಯೋಗಿಸಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಎಡೆಯಲ್ಲಿ ಒಂಚೂರು ಸಂದು ಬಿಡುವುದಕ್ಕೆ ಬಡಗಿಗೆ ಹೇಳು.

ಸರಿಯುವ ಬಾಗಿಲು ಬೇಡ ಅನ್ನುವುದು ಕೂಡ ಇದಕ್ಕೇ. ಯಾವಾಗಲೂ ಒಂದು ಅರ್ಧ ಮುಚ್ಚಿಯೇ ಇರುತ್ತದೆ, ಗಾಳಿ ಆಡುವುದಿಲ್ಲ. ಕೆಳಗಿನ ಹಳಿಯಲ್ಲಿ ಕಸ ಕೂರುತ್ತದೆ. ಬಿಸಿಲು ಬಿದ್ದ ದಿನ ಎರಡೂ ಬಾಗಿಲು ಹಾರುಹೊಡೆದು ಫ್ಯಾನ್ ಹಾಕಬೇಕು, ಅದಕ್ಕೆ ಕೀಲಿನ ಬಾಗಿಲೇ ಸರಿ. ರೂಮು ಚಿಕ್ಕದು, ಮಂಚಕ್ಕೆ ತಾಗುತ್ತದೆ ಅಂದರೆ ಮಂಚ ಸರಿಸಿ.

ಎಲ್ಲಿ ಇಡುತ್ತೀಯ ಅಂತ ನೀನು ಬರೆದೇ ಇಲ್ಲ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣ, ತೆಂಕಣ ದಿಕ್ಕಿನಿಂದ. ಆ ಗೋಡೆಗಳಿಗೂ ಬಚ್ಚಲುಮನೆ ಗೋಡೆಗೂ ಕಪಾಟು ಒರಗಿಸಬೇಡ. ಎರಡು ಕೋಣೆಯ ನಡುವಿನ ಒಳಗೋಡೆ ಒಳ್ಳೆಯದು. ಅಲ್ಲೂ ಗೋಡೆಯಿಂದ ಎರಡು ಮೂರು ಇಂಚು ಬಿಡು. ಕೆಳಗೆ ಕಾಲು ಇರಲಿ, ಪೊರಕೆ ಹೋಗುವಷ್ಟು. ಒರಲೆ ಏರಿದರೆ ಕಣ್ಣಿಗೆ ಬೀಳುತ್ತದೆ.

ಅಳತೆ ಹೇಳುತ್ತೇನೆ, ಬರೆದುಕೋ. ಆಳ 24 ಇಂಚು. ಹ್ಯಾಂಗರೇ 17-18 ಇಂಚು ಅಗಲ ಇರುತ್ತದೆ, ಕಡಿಮೆ ಮಾಡಿದರೆ ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಅಂಗಿ, ಕುರ್ತಾ ನೇತುಹಾಕುವ ಕಡೆ 40-42 ಇಂಚು ಎತ್ತರ ಸಾಕು. ನಿನ್ನ ಉದ್ದ ಗೌನುಗಳಿಗೆ 60 ಇಂಚು ಬೇಕು, ಆದರೆ ಅವು ಇರುವುದು ಎಷ್ಟು? ಅವುಗಳಿಗೆ ಒಂದು ಸಣ್ಣ ಖಾನೆ ಬಿಟ್ಟು, ಉಳಿದ ಕಡೆ ಒಂದರ ಮೇಲೆ ಒಂದು ಎರಡು ಸಲಾಕೆ ಹಾಕಿಸು. ಮಡಚಿದ ಬಟ್ಟೆಯ ಖಾನೆಗೆ ಹತ್ತು ಹನ್ನೆರಡು ಇಂಚು ಮೀರಬಾರದು. ಎತ್ತರ ಪೇರಿಸಿದರೆ ಅಡಿಯದನ್ನು ಎಳೆದಾಗ ಮೇಲಿನದೆಲ್ಲ ಉರುಳುತ್ತದೆ. ದಿನಾ ಉಡುವುದು ಸೊಂಟದಿಂದ ಕಣ್ಣಿನ ಮಟ್ಟದವರೆಗೆ ಇರಲಿ. ಅಟ್ಟದ ಖಾನೆಗೆ ಸೂಟ್‌ಕೇಸು, ಹೊದಿಕೆ. ಡ್ರಾಯರ್ ಎರಡು ಸಾಕು, ಅದಕ್ಕೇ ಜಾಸ್ತಿ ದುಡ್ಡು ಹೋಗುತ್ತದೆ. ನಿನ್ನದು ಒಂದು ಕಡೆ, ನಿನ್ನ ಯಜಮಾನರದು ಒಂದು ಕಡೆ ಅಂತ ಮೊದಲೇ ಹಂಚಿಕೊಳ್ಳಿ. ಇಲ್ಲದಿದ್ದರೆ ಅವರಿಗೆ ಉಳಿಯುವುದು ಬಾಗಿಲ ಹಿಂದಿನ ಮೊಳೆ ಮಾತ್ರ!

ಇಷ್ಟೆಲ್ಲ ಮಾಡಿಯೂ ಅರೆ ಒಣಗಿದ ಬಟ್ಟೆ ಒಳಗಿಟ್ಟರೆ ಮುಗಿಯಿತು. ಒಂದು ಹಸಿ ಜೀನ್ಸು ಸಾಕು, ಇಡೀ ಖಾನೆಗೆ ಮುಗ್ಗಲು ವಾಸನೆ ಬರುವುದಕ್ಕೆ. ಮೈ ಒಣಗಿದಂತೆ ಕಂಡರೂ ಸೊಂಟದ ಪಟ್ಟಿ, ಜೇಬಿನ ಒಳಗು, ಕಂಕುಳ ಹೊಲಿಗೆ ಹಸಿಯೇ ಇರುತ್ತದೆ. ಕೆನ್ನೆಗೆ ಹಿಡಿದು ನೋಡು, ತಣ್ಣಗಿದ್ದರೆ ಒಣಗಿಲ್ಲ. ನಮ್ಮ ಮನೆಯಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಒಣಗಿಸುತ್ತೇವೆ, ಹೊಗೆ ವಾಸನೆ ಅಂತ ನೀನು ಮೂಗು ಮುರಿಯುತ್ತಿದ್ದೆ. ನಿನಗೆ ಒಲೆ ಇಲ್ಲ, ಫ್ಯಾನಿನ ಕೆಳಗೆ ಒಣಗಿಸಿ ಇಸ್ತ್ರಿ ಹಾಕು. ಇಸ್ತ್ರಿಯ ಬಿಸಿ ಆರಿದ ಮೇಲೆ ಒಳಗಿಡು. ಕೆಲವರು ಕಪಾಟಿನೊಳಗೆ ಬಲ್ಬ್ ಉರಿಸುತ್ತಾರೆ. ಬಟ್ಟೆ ತಾಗಿದರೆ ಬೆಂಕಿ, ಆ ಸಾಹಸ ಬೇಡ. ತೇವ ಹೀರುವ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ತುಂಬಿದ ನೀರು ಬಟ್ಟೆಗೆ ಚೆಲ್ಲದ ಹಾಗೆ ಇಡು. ಕೊಡೆ, ರೇನ್‌ಕೋಟು, ಸ್ವೆಟರು ಜಗಲಿಯ ಗೂಟಕ್ಕೇ ಇರಲಿ.

ರೇಷ್ಮೆ ಸೀರೆಗೆ ಪ್ಲಾಸ್ಟಿಕ್ ಕವರ್ ಹಾಕಬೇಡ, ಒಳಗೆ ಬೆವರುತ್ತದೆ. ಅಜ್ಜನ ಹಳೇ ಪಂಚೆ ತೊಳೆದು ಇಟ್ಟಿದ್ದೇನೆ, ಹರಿದು ಒಂದೊಂದು ಸೀರೆಗೆ ಸುತ್ತು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸು, ಇಲ್ಲದಿದ್ದರೆ ಜರಿ ಅಲ್ಲೇ ಮುರಿಯುತ್ತದೆ. ಉಟ್ಟು ಬಂದ ಸೀರೆಯನ್ನು ಒಂದು ರಾತ್ರಿ ಹಗ್ಗದ ಮೇಲೆ ಹರವಿ, ಬೆವರು ಆರಿದ ಮೇಲೆ ಮಡಚು. ಮೃಗಶಿರಾ ಮಳೆ ಶುರುವಾಗುವುದು ಜೂನ್ 8ರ ಆಸುಪಾಸು. ಅದಕ್ಕೂ ಮೊದಲು ಎಲ್ಲವನ್ನೂ ನೆರಳಲ್ಲಿ ಹರವಿ ಗಾಳಿಗೆ ಹಾಕಿ ಎತ್ತಿಡು. ನೇರ ಬಿಸಿಲಿಗೆ ಬಣ್ಣ ಹೋಗುತ್ತದೆ. ಗಂಜಿ ಹಾಕಿದ ಕಾಟನ್ ಸೀರೆ ಮಳೆಗಾಲದಲ್ಲಿ ಕಪಾಟಿಗೆ ಬೇಡ, ಬೆಳ್ಳಿಹುಳ ಗಂಜಿ ತಿನ್ನುವುದಕ್ಕೆ ಬಂದು ಬಟ್ಟೆಯನ್ನೂ ತಿನ್ನುತ್ತದೆ.

ನುಸಿಗುಳಿಗೆಯ (ನ್ಯಾಫ್ತಲೀನ್) ಪೊಟ್ಟಣ ಜರಿಗೆ ತಾಗಿಸಬೇಡ. ಇನ್ನೊಂದು ಮಾತು, ಮುಂದೆ ಮಗು ಬಂದಾಗ ಅದರ ಬಟ್ಟೆಯ ಹತ್ತಿರ ಅದು ಸುಳಿಯಲೇಬಾರದು. ಅದರ ಆವಿಯಿಂದ ಕೆಲವು ಎಳೆಮಕ್ಕಳಿಗೆ ರಕ್ತಕಣ ಒಡೆದು ಕಾಮಾಲೆ ಜೋರಾಗುತ್ತದೆ. (ಈಗಲೇ ಯಾಕೆ ಅಂತ ನಗಬೇಡ.) ಬಜೆ ಬೇರಿನ ತುಂಡು, ಲಾವಂಚದ ಬೇರು ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತೇನೆ. ಹುಳ ಓಡಿಸಲು ಬಜೆ, ವಾಸನೆಗೆ ಲಾವಂಚ. ಅವೇನೂ ಥಂಡಿ ತೆಗೆಯುವುದಿಲ್ಲ, ಅದನ್ನು ನೆನಪಿಡು.

ಬಡಗಿ ಲೆಕ್ಕದ ಚೀಟಿ ಕೊಟ್ಟ ಮೇಲೆ ಅದರ ಫೋಟೋ ಕಳಿಸು. ಪ್ಲೈ, ಹಿಂಬದಿ ಹಲಗೆ, ಕೀಲು, ಅಂಚುಪಟ್ಟಿ ಎಲ್ಲಕ್ಕೂ ಬೇರೆ ಬೇರೆ ಬರೆದಿದ್ದಾನಾ ನೋಡುತ್ತೇನೆ. ಒಟ್ಟು ಇಷ್ಟು ಅಂತ ಒಂದೇ ಸಾಲು ಬರೆದಿದ್ದರೆ ವಾಪಸ್ ಕೊಟ್ಟು ಬಿಡಿಸಿ ಬರೆಸು.

ಇಂತಿ,
ನಿನ್ನ ದೊಡ್ಡಮ್ಮ