ಟ್ರಂಕು ವಾಪಸ್ ಮನೆಗೆ ಬಂದ ದಿನ

ಹೋದ ತಿಂಗಳು ನನ್ನ ಮೊದಲ ಸಂಬಳ ಬಂತು. ಹಾಸನದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿದ್ದೇನೆ. ದುಡ್ಡು ಖಾತೆಗೆ ಬಿದ್ದ ಮೆಸೇಜು ನೋಡಿ ಅವ್ವನಿಗೆ ಫೋನ್ ಮಾಡಿದೆ. ಅವ್ವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಸಿಸ್ಟರಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಸಿಸ್ಟರು ಅಂದರೆ ಚಿಕ್ಕಂದಿನಲ್ಲಿ ನಮ್ಮ ಕೈಹಿಡಿದ ಕಾನ್ವೆಂಟಿನ ಸನ್ಯಾಸಿನಿ. ಅವರಿಗೆ ವರ್ಗವಾಗಿ ವರ್ಷಗಳಾದವು. ಈಗ ಯಾವ ಊರಿನ ಕಾನ್ವೆಂಟಿನಲ್ಲಿದ್ದಾರೋ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಓದಿ ಅವರಿಗೆ ಮುಟ್ಟಿಸಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಅವರ ಜೊತೆ ನಿಂತ ಇನ್ನೂ ಕೆಲವರಿಗೆ ಹೇಳಬೇಕಾದದ್ದೂ ಇದೆ.

ನಾವು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿದ್ದವರು. 2012ರ ಫೆಬ್ರವರಿ, ಮೆಣಸು ಕೊಯ್ಲಿನ ದಿನಗಳು. ಅಪ್ಪ ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ಎತ್ತಿ ಒಯ್ಯುವಾಗ ಅದು ಮೇಲಿದ್ದ ಕರೆಂಟ್ ತಂತಿಗೆ ತಗುಲಿತು. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಓದಿಯೇ ಇರುತ್ತೀರಿ. ನಾನು ಆಗ ನಾಲ್ಕನೇ ಕ್ಲಾಸು. ತಮ್ಮನಿಗೆ ಆರು ವರ್ಷ, ತಂಗಿಗೆ ಮೂರು.

ಲೈನ್ ಮನೆ ಅಂದರೆ ತೋಟದಲ್ಲಿ ದುಡಿಯುವವರಿಗೆ ಕೊಟ್ಟ ಮನೆ. ಮೂರು ಮಕ್ಕಳನ್ನು ಕಟ್ಟಿಕೊಂಡು ಅವ್ವ ಒಬ್ಬಳೇ ಎಷ್ಟು ದಿನ ಆಳು ಹೋಗುತ್ತಾಳೆ? ತಿಂಗಳೊಳಗೆ ಮನೆ ಬಿಡಬೇಕು ಅಂತ ಹೇಳಿ ಕಳಿಸಿದರು. ತಿಥಿ ಮುಗಿದ ಮಾರನೇ ದಿನವೇ ನೆಂಟರು ಕೂತು ನಮ್ಮನ್ನು ಹಂಚಿದರು. ತಮ್ಮ ಸೋದರಮಾವನ ಮನೆಗೆ. ನಾನು ಬೆಂಗಳೂರಿನಲ್ಲಿ ಯಾರದೋ ಮನೆಗೆ, ಮಗು ನೋಡಿಕೊಳ್ಳಲು. ತಂಗಿ ಅವ್ವನ ಜೊತೆ. ಅವರು ಕೆಟ್ಟವರಲ್ಲ, ಅವರವರ ಮನೆಯಲ್ಲೂ ಅದೇ ಪಾಡು. ಅವ್ವ ಮಾತ್ರ ಒಪ್ಪಲಿಲ್ಲ. ಹಂಚುವುದೇ ಆದರೆ ಓದೋ ಕಡೆ ಹೋಗಲಿ ಅಂತ, ಅಪ್ಪನ ತಗಡಿನ ಟ್ರಂಕಿಗೆ ನನ್ನ ಬಟ್ಟೆ, ತಮ್ಮನ ಬಟ್ಟೆ ತುಂಬಿ, ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡು, ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಲು ನಮ್ಮನ್ನು ಕರೆದುಕೊಂಡು ಹೊರಟಳು. ಟ್ರಂಕಿನ ಒಂದು ಕೈ ಅವ್ವ ಹಿಡಿದಿದ್ದಳು, ಇನ್ನೊಂದು ನಾನು. ಬಸ್ ಸ್ಟ್ಯಾಂಡಿನಿಂದ ಕಾನ್ವೆಂಟಿನ ತನಕ ನಾನು ಅವ್ವನ ಮುಖ ನೋಡಲಿಲ್ಲ.

ಸಿಸ್ಟರು ಮೊದಲು ನಮಗೆ ಗಂಜಿ, ಉಪ್ಪಿನಕಾಯಿ ಕೊಡಿಸಿದರು. ಅವರು ಕೇರಳದವರು, ಆಗಿನ್ನೂ ಅವರ ಕನ್ನಡ ತಡೆದು ತಡೆದು ಬರುತ್ತಿತ್ತು. ಅವ್ವನನ್ನು ಕೇಳಿದರು, "ಮನೆ ಒಂದು ಇದ್ರೆ ಮಕ್ಳನ್ನ ನೀನೇ ಸಾಕ್ತೀಯೇನಮ್ಮ?"

ಅವ್ವನಿಗೆ ಸಿಟ್ಟೇ ಬಂತು. "ಮನೆ ಇದ್ದಿದ್ರೆ ಯಾಕೆ ಇಲ್ಲಿಗ್ ತರ್ತಿದ್ದೆ ಸಿಸ್ಟರ್?"

"ಹಂಗಾದ್ರೆ ಟ್ರಂಕ್ ವಾಪಸ್ ತಗೊಂಡು ಹೋಗು. ಒಂದು ವಾರ ಟೈಮ್ ಕೊಡು."

ಆ ವಾರ ಹೇಗೆ ಕಳೆಯಿತೋ ಅವ್ವನಿಗೇ ಗೊತ್ತು. ಎಂಟನೇ ದಿನ ಸಿಸ್ಟರು ಲೈನ್ ಮನೆಗೇ ಬಂದರು. ಊರಂಚಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಹೆಂಚಿನ ಮನೆ ನೋಡಿ, ಮೂರು ತಿಂಗಳ ಬಾಡಿಗೆ ಕಟ್ಟಿಯೇ ಬಂದಿದ್ದರು. ನಾವು ನಾಲ್ಕು ಜನ, ಅದೇ ಟ್ರಂಕು, ಎರಡು ಗೋಣಿಚೀಲ ಪಾತ್ರೆ. ಒಂದೇ ಜೀಪಿನಲ್ಲಿ ಎಲ್ಲಾ ಹಿಡಿಯಿತು.

ನಾನು ಇಷ್ಟೆಲ್ಲಾ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ. ನಮ್ಮನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳುವುದು ಅವರಿಗೆ ಸುಲಭವಿತ್ತು. ಅಲ್ಲಿ ಊಟ ಇತ್ತು, ಮಂಚ ಇತ್ತು, ನಾವು ಓದುತ್ತಲೂ ಇದ್ದೆವೇನೋ. ಆದರೆ ಬಡತನ ಅಂತ ಮಾತ್ರಕ್ಕೆ ತಾಯಿಯಿಂದ ಮಕ್ಕಳನ್ನು ಬಿಡಿಸಬಾರದು ಅಂತ ಸಿಸ್ಟರಿಗೆ ಅನ್ನಿಸಿತ್ತು. ಒಮ್ಮೆ ಅವ್ವನ ಹತ್ತಿರ ಹೇಳಿದ್ದರು: "ಅನಾಥರನ್ನ, ವಿಧವೆಯರನ್ನ ಅವರ ಕಷ್ಟದಲ್ಲಿ ಹೋಗಿ ನೋಡು ಅಂತ ನಮ್ಮ ಶಾಸ್ತ್ರದಲ್ಲಿದೆ ಕಣಮ್ಮ. ಅಲ್ಲಿಂದ ಎಬ್ಬಿಸ್ಕೊಂಡು ಬಾ ಅಂತ ಇಲ್ಲ." ಮುಂದೆ ನರ್ಸಿಂಗಿನಲ್ಲಿ ಸಮುದಾಯ ಆರೋಗ್ಯದ ಪಾಠ ಓದುವಾಗ ನನಗೆ ತಿಳಿಯಿತು, 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಅಂತಲೇ ಹೇಳುತ್ತದೆ. ಆ ದಿನ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಮನೆ ಸಿಕ್ಕ ಮೇಲಿನ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ವಿಧವಾ ವೇತನಕ್ಕೆ ನಾಡಕಚೇರಿಗೆ ಎಷ್ಟು ಸಲ ಅಲೆದರೋ. ದುಡಿಯುವ ಜಾಗದಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಸಿಗಬೇಕು ಅಂತ 1923ರಷ್ಟು ಹಿಂದಿನ ಕಾನೂನೇ ಆಗ ಇತ್ತು ಅನ್ನುವುದು ಅವ್ವನಿಗೆ ತಿಳಿದದ್ದು ಸಿಸ್ಟರಿಂದ. ಒಬ್ಬ ವಕೀಲರು ಫೀಸು ತೆಗೆದುಕೊಳ್ಳದೆ ಕೇಸು ನಡೆಸಿದರು. ಎರಡು ವರ್ಷ ಹಿಡಿಯಿತು. ಬಂದ ಹಣದಲ್ಲಿ ಒಂದು ರೂಪಾಯಿಯನ್ನೂ ಸಿಸ್ಟರು ತಮ್ಮ ಕೈಯಲ್ಲಿ ಹಿಡಿಯಲಿಲ್ಲ. ಅವ್ವನನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ ಸಹಿ ಕಲಿಸಿ, ಅವಳ ಹೆಸರಿನಲ್ಲೇ ಎಫ್‌ಡಿ ಮಾಡಿಸಿದರು. ನನ್ನ ಬಿಎಸ್ಸಿ ನರ್ಸಿಂಗ್ ಫೀಸಿನ ಒಂದು ಭಾಗ ಬಂದದ್ದು ಅದರಿಂದ.

ಇಂಥ ಕಡೆ ಎಲ್ಲಾ ಫಾರಿನ್ ದುಡ್ಡು ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮ ಬಾಡಿಗೆ ಎಲ್ಲಿಂದ ಬರುತ್ತಿತ್ತು ಅಂತ ನಾನು ದೊಡ್ಡವಳಾದ ಮೇಲೆ ಕೇಳಿ ತಿಳಿದುಕೊಂಡೆ. ಆ ಚರ್ಚಿಗೆ ಬರುವವರಲ್ಲಿ ಬಹಳ ಜನ ನಮ್ಮ ಹಾಗೇ ತೋಟದಲ್ಲಿ ದುಡಿಯುವವರು. ವಾರದ ಬಟವಾಡೆಯಲ್ಲಿ ಹತ್ತು, ಇಪ್ಪತ್ತು ತೆಗೆದಿಟ್ಟು ಭಾನುವಾರ ತಂದು ಕೊಡುತ್ತಿದ್ದರಂತೆ. ಅವರಲ್ಲಿ ಒಬ್ಬ ಅಜ್ಜಿ ಅಡುಗೆಗೆ ಕೂರುವಾಗ ದಿನಾ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕಿ, ತಿಂಗಳಿಗೊಮ್ಮೆ ನಮ್ಮ ಮನೆಗೆ ಕಳಿಸುತ್ತಿದ್ದರು. ಅಜ್ಜಿ ಈಗಿಲ್ಲ. ಅವರಿದ್ದಾಗ ಈ ಮಾತು ತಿಳಿದಿದ್ದರೆ ಹೋಗಿ ಕಾಲಿಗೆ ಬೀಳುತ್ತಿದ್ದೆ.

ನಮ್ಮನ್ನು ಮತ ಬದಲಿಸಿ ಅಂದರಾ ಅಂತಲೂ ಕೇಳುವವರಿದ್ದಾರೆ. ಅವ್ವ ಇವತ್ತಿಗೂ ಸಕಲೇಶ್ವರನ ತೇರಿಗೆ ತಪ್ಪದೆ ಹೋಗುತ್ತಾಳೆ. ಹೋಗುವ ಮುಂಚೆ ಸಿಸ್ಟರೇ ತಂಗಿಗೆ ಜಾತ್ರೆಯಲ್ಲಿ ಬಳೆ ತೆಗೆಸಿಕೊಡು ಅಂತ ದುಡ್ಡು ಕೊಟ್ಟದ್ದಿದೆ. ಸಂಜೆ ಟ್ಯೂಷನ್ ಮುಗಿದ ಮೇಲೆ ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು, ನಾವೂ ಸುಮ್ಮನೆ ಕೂರುತ್ತಿದ್ದೆವು. ಆ ಮೌನ ನನಗೆ ಈಗಲೂ ಬೇಕು ಅನ್ನಿಸುತ್ತದೆ, ರಾತ್ರಿ ಪಾಳಿಯಲ್ಲಿ ವಾರ್ಡು ಮಲಗಿದ ಮೇಲೆ.

ಒಂದು ಬೇಸಿಗೆಯಲ್ಲಿ ಟ್ಯೂಷನ್ ಮಕ್ಕಳನ್ನೂ ತಾಯಂದಿರನ್ನೂ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದರು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲಕ್ಕೆ ನೀರಲ್ಲಿ ನಿಲ್ಲುತ್ತದೆ, ಬೇಸಿಗೆಗೆ ಹೊರಬರುತ್ತದೆ. ನಾವು ಮಕ್ಕಳು ಕಮಾನುಗಳ ಕೆಳಗೆ ಓಡಾಡುತ್ತಿದ್ದೆವು. ಅವ್ವ ಚಾವಣಿ ಇಲ್ಲದ ಆ ಗೋಡೆ ನೋಡುತ್ತಾ ಕೂತವಳು ಜೋರಾಗಿ ಅಳಲು ಶುರು ಮಾಡಿದಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದು ನಾನು ನೋಡಿದ್ದು ಅವತ್ತೇ. ಸಿಸ್ಟರು ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತರು, ಅಷ್ಟೇ. ಬುತ್ತಿಯ ಚಿತ್ರಾನ್ನ ಬಿಚ್ಚಿದ್ದು ಸಂಜೆ ನಾಲ್ಕಕ್ಕೆ.

ಸಂಜೆ ನಮಗೆ ಪಾಠ ಹೇಳಿಕೊಡುತ್ತಿದ್ದ ಟ್ಯೂಷನ್ ಅಕ್ಕನಿಗೆ ಬೇರೆಯಾಗಿಯೇ ನಮಸ್ಕಾರ ಹೇಳಬೇಕು. ಕೊರೊನಾ ಬಂದು ಶಾಲೆ ಮುಚ್ಚಿದಾಗ ತಮ್ಮ ಕೈತಪ್ಪಿದ. 2021ರ ಫೆಬ್ರವರಿಯಲ್ಲಿ ಒಂಬತ್ತನೇ ಕ್ಲಾಸು ಮತ್ತೆ ಶುರುವಾದರೂ ಅವನು ಹೋಗಲಿಲ್ಲ. ಒಬ್ಬ ಕಂಟ್ರಾಕ್ಟರ್ ಜೊತೆ ಕೂಲಿಗೆ ಹೋಗುತ್ತಿದ್ದ. ಏನು ಕೆಲಸ ಅಂತ ಮನೆಯಲ್ಲಿ ಹೇಳಿರಲಿಲ್ಲ. ಅಕ್ಕ ಹುಡುಕಿಕೊಂಡು ತೋಟಕ್ಕೇ ಹೋದಾಗ ಅವನು ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುತ್ತಿದ್ದ. ಅಪ್ಪ ಹೋದ ಅದೇ ತಿಂಗಳು. ಅಕ್ಕ ಬೈಯಲಿಲ್ಲವಂತೆ. ಮರದ ಕೆಳಗೆ ನಿಂತು, "ಇಳಿಯೋ ಮಗ, ನಿನ್ ಅವ್ವಂಗೆ ನಾನು ಏನಂತ ಹೇಳ್ಲಿ?" ಅಂದರಂತೆ. ಅವನು ಇಳಿದ. ಮಾರನೇ ದಿನದಿಂದ ಅಕ್ಕ ತಮ್ಮ ಸ್ಕೂಟರಿನಲ್ಲೇ ಅವನನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು. ಆನೆ ಬಂದಿದೆ ಅನ್ನುವ ಸುದ್ದಿ ಇದ್ದ ದಿನ ಸುತ್ತು ದಾರಿಯಲ್ಲಿ. ಅವನೀಗ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ. ಏಣಿ ಹೊತ್ತವರು ಕಂಡರೆ ಗಾಡಿ ನಿಲ್ಲಿಸಿ, "ಮೇಲೆ ತಂತಿ ನೋಡ್ಕಳಿ ಅಣ್ಣ" ಅನ್ನುತ್ತಾನೆ.

ನನ್ನನ್ನು ಪರೀಕ್ಷೆಗೆ ಕರೆದುಕೊಂಡು ಹೋದ ಆಟೋ ಅಣ್ಣ, ನೀವು ಮರೆತಿರಬಹುದು. 2020ರಲ್ಲಿ ಮುಂದೂಡಿದ್ದ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ಜೂನ್ 18ಕ್ಕೆ ನಡೆಯಿತು. ಬೆಳಿಗ್ಗೆ ಜಡಿಮಳೆ, ನಮ್ಮ ಕಡೆಗೆ ಬಸ್ಸಿಲ್ಲ. ನೀವು ಬಾಡಿಗೆ ಮುಟ್ಟದೆ ಹೊರಟುಹೋದಿರಿ. ಸಾಲದ ಪುಸ್ತಕದಲ್ಲಿ ನಮ್ಮ ಪುಟವನ್ನು ಒಂದು ದಿನವೂ ಜನರ ಮುಂದೆ ಓದದ ಅಂಗಡಿ ಯಜಮಾನರಿಗೂ ನಮಸ್ಕಾರ. ತಂಗಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಬರುವಂತೆ ಅರ್ಜಿ ತುಂಬಿ, ಮರಣ ಪತ್ರದಿಂದ ಆದಾಯ ಪತ್ರದ ತನಕ ಜೋಡಿಸಿಕೊಟ್ಟವರು ಈಗಿನ ಸಿಸ್ಟರು. ತಂದೆ ಇಲ್ಲದ, ಆದಾಯ ಕಡಿಮೆಯಿರುವ ಮನೆಯ ಮಕ್ಕಳಿಗೆ, ತಾಯಿಯ ಹತ್ತಿರವೇ ಇದ್ದು ಓದಲು, ಸರ್ಕಾರದ ಈ ನೆರವು ಇದೆ. ನಿಮ್ಮ ಲೈನಿನಲ್ಲಿ ಅಂಥ ಮನೆ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ದಿಕ್ಕು ತೋಚದಿದ್ದರೆ 1098ಕ್ಕೆ ಫೋನ್ ಮಾಡಿ.

ನನ್ನ ಮೊದಲ ಸಂಬಳದಲ್ಲಿ ಒಂದು ಮನೆಯ ಮೂರು ತಿಂಗಳ ಬಾಡಿಗೆ ಕಾನ್ವೆಂಟಿನಲ್ಲಿ ಕೊಟ್ಟು ಬಂದೆ. ಯಾರ ಮನೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಿಸ್ಟರ್, ಟ್ರಂಕು ಈಗ ನನ್ನ ರೂಮಿನಲ್ಲಿದೆ, ಯೂನಿಫಾರಂ ಇಡುವುದು ಅದರಲ್ಲೇ. ಅವ್ವನ ಫೋನ್ ನಂಬರ್ ಹಳೆಯದೇ ಇದೆ. ಸಂಜೆ ಏಳರ ಮೇಲೆ ಮಾಡಿ, ಕೆಲಸದಿಂದ ಬಂದಿರುತ್ತಾಳೆ. ನಿಮ್ಮ ಹತ್ತಿರ ಮಾತಾಡಬೇಕಂತೆ.