ಚಿಲ್ಲರೆ ಬೆಲೆಗೆ ಸಗಟು ಮಾಲು

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಬಿಡಿಭಾಗಗಳ ಸಗಟು ಮಾರುಕಟ್ಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಯ ಬೆಲೆಗೇ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್), ರ‍್ಯಾಮ್ ಕೊಡಿ ಎಂದು ತಾಲ್ಲೂಕು ಕೇಂದ್ರದ ನಮ್ಮಂಥ ಅಂಗಡಿಗಳಲ್ಲಿ ಗಿರಾಕಿಗಳು ಪಟ್ಟು ಹಿಡಿಯುತ್ತಾರೆ. ಅವರ ಕಿವಿಗೆ ಬಿದ್ದಿರುವುದು ಎಷ್ಟೋ ಸಲ ವ್ಯಾಪಾರಿಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ, ಜಿಎಸ್‌ಟಿ ಸೇರದ ಸಗಟು ದರ. 10,000 ರೂಪಾಯಿ ಎಂದದ್ದಕ್ಕೆ ಶೇ 18 ತೆರಿಗೆ ಕೂಡಿದರೆ 11,800 ಆಯಿತು. ನೋಂದಣಿ ಇರುವ ವ್ಯಾಪಾರಿ ಆ 1,800ನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ಮಗಳ ಓದಿಗೆಂದು ಕಂಪ್ಯೂಟರ್ ಕೊಳ್ಳುವ ತಂದೆಗೆ ಆ ಸೌಲಭ್ಯವಿಲ್ಲ. ಇದರ ಮೇಲೆ ಸಾಗಣೆ, ಬಾಡಿಗೆ, ಕೆಟ್ಟದ್ದನ್ನು ಸರ್ವಿಸ್ ಸೆಂಟರ್‌ಗೆ ಕಳಿಸಿ ತರಿಸುವ ಓಡಾಟ. ಇದಕ್ಕೆಲ್ಲ ಅಂಗಡಿಯವರು ಒಂದಿಷ್ಟು ಲಾಭ ಇಟ್ಟುಕೊಂಡರೆ ತಪ್ಪಿಲ್ಲ.

ನನ್ನ ಸಿಟ್ಟಿರುವುದು ಚಿಲ್ಲರೆ ಬೆಲೆ ತೆಗೆದುಕೊಂಡು ಸಗಟು ಮಾಲು ಕೊಡುವವರ ಮೇಲೆ. ಇಂಟೆಲ್‌ನ ಚಿಲ್ಲರೆ ಮಾರಾಟಕ್ಕೆಂದು ಡಬ್ಬಿಯಲ್ಲಿ ಬರುವ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಕಂಪನಿಯದೇ 3 ವರ್ಷದ ವಾರಂಟಿ ಇರುತ್ತದೆ. ಅದೇ ಮಾದರಿ 'ಟ್ರೇ'ಯಲ್ಲೂ ಬರುತ್ತದೆ. ಅದು ಕಂಪ್ಯೂಟರ್ ತಯಾರಕರಿಗೆಂದು ರಾಶಿ ಲೆಕ್ಕದಲ್ಲಿ ಹೋಗುವ ಮಾಲು. ಡಬ್ಬಿ ಇರುವುದಿಲ್ಲ, ಚಿಪ್ ತಂಪಾಗಿಡುವ ಫ್ಯಾನ್ ಬರುವುದಿಲ್ಲ, ಕೆಟ್ಟರೆ ಕೊಂಡ ಅಂಗಡಿಯನ್ನೇ ಕೇಳಬೇಕು. ಅಂಗಡಿಯಲ್ಲೇ ಜೋಡಿಸಿ, ಮೇಲೆ ಫ್ಯಾನ್ ಕೂರಿಸಿ, ಕ್ಯಾಬಿನೆಟ್ ಮುಚ್ಚಿ ಕೊಟ್ಟರೆ ಒಳಗಿರುವುದು ಯಾವುದೆಂದು ಗಿರಾಕಿಗೆ ತಿಳಿಯುವುದಾದರೂ ಹೇಗೆ? ರಿಪೇರಿಗೆ ಬರುವವರು ತೋರಿಸುವ ಬಿಳಿ ಚೀಟಿಯಲ್ಲಿ 'ಕಂಪ್ಯೂಟರ್ ಸೆಟ್ – 1' ಎಂದಷ್ಟೇ ಬರೆದಿರುತ್ತದೆ. ಮಾದರಿಯ ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ. ಅಂಥವರಿಗೆ ವಾರಂಟಿ ಸಿಗುವುದಿಲ್ಲ ಎಂದು ಹೇಳುವಾಗ ಸಂಕಟವಾಗುತ್ತದೆ.

'ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸಾರ್' ಎನ್ನುವ ಮಾತಿಗೆ ಓದಿದವರೂ ಮರುಳಾಗುತ್ತಾರೆ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಎಂಆರ್‌ಪಿ ನೋಡಿ ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಎಷ್ಟೋ ಬಿಡಿಭಾಗಗಳ ಡಬ್ಬಿಯ ಮೇಲೆ ಮಾರುಕಟ್ಟೆ ಬೆಲೆಗಿಂತ ಬಹಳ ಹೆಚ್ಚು ಮುದ್ರಿಸಿರುತ್ತಾರೆ. ಅದಕ್ಕಿಂತ ಕಡಿಮೆಗೆ ಕೊಟ್ಟೆ ಎನ್ನುವುದು ದೊಡ್ಡ ಉಪಕಾರವೇನಲ್ಲ.

ವಾಣಿಜ್ಯ ತೆರಿಗೆ ಮತ್ತು ಕಾನೂನು ಮಾಪನಶಾಸ್ತ್ರ ಇಲಾಖೆಗಳು ಜೋಡಿಸಿದ ಕಂಪ್ಯೂಟರ್ ಮಾರುವ ಅಂಗಡಿಗಳತ್ತ ಗಮನ ಕೊಡಬೇಕು. ತೆರಿಗೆ ಸೇರಿದ ಬೆಲೆಯನ್ನೇ ಹೇಳುವುದು, ಪ್ರತಿ ಬಿಡಿಭಾಗವನ್ನೂ ಸೀರಿಯಲ್ ನಂಬರ್ ಸಮೇತ ಬಿಲ್‌ನಲ್ಲಿ ನಮೂದಿಸುವುದು, ಡಬ್ಬಿಯದೋ ಟ್ರೇಯದೋ, ವಾರಂಟಿ ಯಾರದು ಎಂದು ಬರೆದುಕೊಡುವುದು ಕಡ್ಡಾಯವಾಗಲಿ. ಗಿರಾಕಿಗಳೂ ಜೋಡಿಸುವ ಮೊದಲೇ ಡಬ್ಬಿ ಕೇಳಿ ಪಡೆಯಿರಿ. ಇಂಟೆಲ್ ಡಬ್ಬಿಯ ಲೇಬಲ್‌ನಲ್ಲಿರುವ ಬ್ಯಾಚ್ ಸಂಖ್ಯೆಯೇ ಚಿಪ್‌ನ ಲೋಹದ ಮುಚ್ಚಳದ ಮೇಲೂ ಇರಬೇಕು. ಫ್ಯಾನ್ ಕೂರಿಸಿದ ಮೇಲೆ ಅದು ಕಾಣುವುದಿಲ್ಲ. ಬಿಲ್ ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

– ಕಂಪ್ಯೂಟರ್ ರಿಪೇರಿ ಅಂಗಡಿಯವ, ತಿಪಟೂರು